ಟೈಲರಮ್ಮನ ಫ್ರಿಜ್ಜಿನ ಪೈಪು

ಟೈಲರಮ್ಮನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಆ ಮಧ್ಯಾಹ್ನ ಎರಡೂ ಕಿವಿ ಕೆಂಡವಾಗಿದ್ದವು. ಅಡುಗೆಮನೆಯ ನೆಲದ ತುಂಬ ನೀರು, ಬಾಗಿಲಲ್ಲಿ ಕೆಳಗಿನ ಮನೆಯಾಕೆ, ಫೋನಿನಲ್ಲಿ ಮಗಳು. ಯಾರಿಗೆ ಅಂತ ಉತ್ತರ ಕೊಡುವುದು?

"ನಮ್ಮ ಚಾವಣಿ ತೊಟ್ಟಿಕ್ತಾ ಇದೆ. ಅದಕ್ಕೇ ನಿಮ್ಮ ಮಗಳಿಗೆ ಹೇಳ್ಬಿಟ್ಟೆ," ಎಂದಳು ಕೆಳಗಿನ ಮನೆಯಾಕೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

"ಅಮ್ಮಾ, ಮಾತು ಅಂದ್ರೆ ಮಾತು," ಎಂದಳು ಮಗಳು. "ಇನ್ನೊಂದು ಎಡವಟ್ಟಾಗಿ ಯಾರನ್ನಾದ್ರೂ ಕರೆಯೋ ಹಾಗಾದ್ರೆ ನಿಮ್ಮನೆಗೆ ಬಂದುಬಿಡ್ತೀನಿ ಅಂತ ನೀನೇ ಒಪ್ಕೊಂಡಿದ್ದೆ. ಸಂಜೆ ಬರ್ತೀವಿ. ಇವ್ರು ಪ್ಲಂಬರಿಗೆ ಹೇಳ್ತಾರೆ. ಬಾಡಿಗೆಗೆ ಕೇಳ್ತಿದ್ರಲ್ಲ, ಅವರನ್ನೂ ಕರ್ಕೊಂಡು ಬರ್ತೀವಿ, ಮನೆ ನೋಡ್ಲಿ."

"ಪ್ಲಂಬರು ಗಿಂಬರು ಯಾರೂ ಬೇಡ. ನಾನು ಯಾರನ್ನೂ ಕರೆದಿಲ್ಲ, ಕರೆಯೋದೂ ಇಲ್ಲ!" ಎಂದು ಟೈಲರಮ್ಮ ಫೋನು ಕುಕ್ಕಿದಳು. ಕೆಳಗಿನ ಮನೆಯಾಕೆ ಸದ್ದಿಲ್ಲದೆ ಮೆಟ್ಟಿಲಿಳಿದಳು.

ಪಾರ್ಶ್ವವಾಯು ಬಡಿದು ಟೈಲರಮ್ಮನ ಎಡಗೈ ಬಿದ್ದುಹೋಗಿತ್ತು. ಕಾಲು ನೆಟ್ಟಗಿತ್ತು, ನಾಲಿಗೆಯಂತೂ ಮೊದಲಿಗಿಂತ ಚುರುಕಾಗಿತ್ತು. ಆದರೂ ಮಗಳು ಅಳಿಯ ಅವಳ ಎದುರಿಗೇ ಕೂತು "ಅಮ್ಮನ್ನ ಎಲ್ಲಿ ಇಡೋದು" ಎಂದು ಚರ್ಚೆ ಮಾಡುತ್ತಿದ್ದರು. ಇಡೋದಕ್ಕೆ ನಾನೇನು ಉಪ್ಪಿನ ಡಬ್ಬಿಯಾ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಊರವರ ಬಟ್ಟೆ ಹೊಲಿದು ಹೊಲಿದು ಕಣ್ಣು ಸವೆಸಿಕೊಂಡು ಕೊಂಡ ಮನೆ ಇದು. ಎರಡೇ ಕೋಣೆ, ಇರಲಿ. ಇಲ್ಲಿ ಯಾವ ದೀಪ ಎಷ್ಟು ಹೊತ್ತಿಗೆ ಆರಿಸಬೇಕೆಂದು ಅವಳಿಗೆ ಯಾರೂ ಹೇಳುವುದಿಲ್ಲ.

ಮೊದಲು ಸಿಂಕಿನ ಕೆಳಗೆ ಕೈ ಹಾಕಿ ಫ್ರಿಜ್ಜಿಗೆ ಹೋಗುವ ನೀರಿನ ವಾಲ್ವು ಮುಚ್ಚಿದಳು. ಬಾಗಿಲಲ್ಲೇ ತಣ್ಣೀರು ಕೊಡುವ ಫ್ರಿಜ್ಜು ಅದು. ಆ ಬಾಗಿಲ ನಲ್ಲಿಗೆ ಲೋಟ ಒತ್ತಿ ಹಿಡಿದು ಪೈಪಿನಲ್ಲಿ ಉಳಿದಿದ್ದ ನೀರನ್ನೂ ಖಾಲಿ ಮಾಡಿದಳು. ಪ್ಲಗ್ಗು ಕಿತ್ತಳು. ಪುಣ್ಯಕ್ಕೆ ಅದಕ್ಕೆ ಚಕ್ರಗಳಿದ್ದವು. ಒಂದೇ ಕೈಯಲ್ಲಿ ಆ ಕಡೆ ಈ ಕಡೆ ಜಗ್ಗಿ ಮುಂದಕ್ಕೆ ತಂದಳು. ಹಿಂದೆ ನೋಡಿದರೆ, ಅಯ್ಯೋ, ಬಿಳಿ ಪೈಪು ತುದಿಯ ಹತ್ತಿರವೇ ನಜ್ಜುಗುಜ್ಜಾಗಿ ಸೀಳಿತ್ತು. ಹೋದ ವಾರ ಕಸ ಗುಡಿಸುತ್ತೇನೆಂದು ಬಂದ ಅಳಿಯ ಫ್ರಿಜ್ಜನ್ನು ಗೋಡೆಗೆ ಗುದ್ದಿ ನಿಲ್ಲಿಸಿ ಹೋಗಿದ್ದ. ಸಹಾಯ ಅಂದರೆ ಇದು ನೋಡಿ!

ಸೀಳಿದ ತುದಿ ಕತ್ತರಿಸಿ, ಉಳಿದದ್ದನ್ನು ಫ್ರಿಜ್ಜಿನ ಹಿಂದಿನ ತೂತಿಗೆ ಮತ್ತೆ ಸಿಕ್ಕಿಸಿದರೆ ಮುಗಿಯಿತು. ಆದರೆ ಪೈಪು ಹೊರಗೆ ಬರಬೇಕಲ್ಲ! ಎಳೆದಳು. ಜಪ್ಪಯ್ಯ ಅಂದರೂ ಬರಲಿಲ್ಲ. ಎಳೆದಷ್ಟೂ ಅದು ಬಿಗಿಯಾಗಿ ಕಚ್ಚಿಕೊಂಡಿತು. ಫ್ರಿಜ್ಜು ಕೂರಿಸಲು ಬಂದವನು ಅಂದು ಮಾಡಿದ್ದು ಆಗ ನೆನಪಾಯಿತು: ಪೈಪಿನ ಸುತ್ತ ಒಂದು ಪ್ಲಾಸ್ಟಿಕ್ ಬಳೆ ಇದೆ, ಅದನ್ನು ಒಂದು ಕೈಯಲ್ಲಿ ಒಳಕ್ಕೆ ಒತ್ತಿ ಹಿಡಿದು, ಪೈಪನ್ನು ಮೊದಲು ಚೂರು ಒಳಕ್ಕೆ ನೂಕಿ, ಆಮೇಲೆ ಇನ್ನೊಂದು ಕೈಯಲ್ಲಿ ಎಳೆಯಬೇಕು.

ಇನ್ನೊಂದು ಕೈಯಲ್ಲಿ. ಟೈಲರಮ್ಮ ತನ್ನ ಎಡಗೈಯನ್ನು ನೋಡಿದಳು. ಅದು ತೊಡೆಯ ಮೇಲೆ ತನಗೇನೂ ಸಂಬಂಧವಿಲ್ಲದಂತೆ ಬಿದ್ದಿತ್ತು. ಅಳು ಒತ್ತರಿಸಿಕೊಂಡು ಬಂತು. ಒದ್ದೆ ನೆಲದ ಮೇಲೆ ಕೂತು ನಿಜಕ್ಕೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಹಲ್ಲಿರೋದು ಬರೀ ಕಿರಿಯೋದಕ್ಕಾ?" ಎಂದು ತನ್ನನ್ನೇ ಗದರಿಸಿಕೊಂಡಳು. ಜನ್ಮವಿಡೀ ಹಲ್ಲಲ್ಲೇ ದಾರ ಕಡಿದವಳು ಅವಳು.

ಮಂಡಿಯೂರಿ ಬಗ್ಗಿ ಪೈಪನ್ನು ಕಚ್ಚಿದಳು. ಬಲಗೈ ಬೆರಳುಗಳಿಂದ ಬಳೆ ಒತ್ತಿದಳು. ತಲೆಯನ್ನೇ ಮುಂದಕ್ಕೆ ನೂಕಿ, ಹಿಂದಕ್ಕೆ ಎಳೆದಳು. ಪೈಪು ಜಾರಿಕೊಂಡು ಬಂದುಬಿಟ್ಟಿತು, ಅದರೊಳಗಿದ್ದ ಕಡೆಯ ಗುಟುಕು ನೀರು ಮುಖಕ್ಕೆ ಎರಚಿತು. "ಬಂದ್ಯಾ ಮಗನೇ ದಾರಿಗೆ!" ಎಂದು ಅವಳು ಕೂಗಿದ್ದು ಕೆಳಗಿನ ಮನೆಗೂ ಕೇಳಿಸಿರಬೇಕು.

ಸೀಳಿದ ಭಾಗವನ್ನು ಕತ್ತರಿಯಿಂದ ಕತ್ತರಿಸಿದಳು. ಒಳಗೆ ತಾಗುವ ತನಕ ನೂಕಿದಳು. ವಾಲ್ವು ಬಿಟ್ಟಳು. ಮತ್ತೆ ತೊಟ್ಟಿಕ್ಕಿತು! ವಾಲ್ವು ಮುಚ್ಚಿ, ಮತ್ತೆ ಹಲ್ಲಲ್ಲಿ ಕಚ್ಚಿ ಕಿತ್ತು ನೋಡಿದರೆ ತುದಿ ಓರೆ. ಹಿಡಿದುಕೊಳ್ಳಲು ಕೈಯಿಲ್ಲದೆ ಪೈಪು ಉರುಳಿತ್ತು. ಟೈಲರಮ್ಮನ ಕತ್ತರಿ ಓರೆ ಹೋಗುವುದೆಂದರೇನು! ಅವಮಾನದಿಂದ ಅವಳಿಗೆ ಮೈ ಬಿಸಿಯಾಯಿತು. ಹಲಗೆಯ ಮೇಲೆ ಪೈಪಿಟ್ಟು, ಎಡಗಾಲಿನ ಹಿಮ್ಮಡಿಯಿಂದ ಅದುಮಿ, ಹೊಸ ಬ್ಲೇಡಿನಿಂದ ನೇರವಾಗಿ ಒಂದೇ ಏಟಿಗೆ ಕೊಯ್ದಳು. ಮತ್ತೆ ಸಿಕ್ಕಿಸಿದಳು. ನೆಲ ಒರೆಸಿ, ವಾಲ್ವು ಬಿಟ್ಟು, ಪೈಪಿನ ಕೆಳಗೆ ಒಣ ಕಾಗದ ಹಾಸಿ, ಎದುರಿಗೆ ಕೂತು ಕಾದಳು. ಕಾಗದ ಒಣಗಿಯೇ ಇತ್ತು.

ಸಂಜೆ ಮಗಳು ಬಂದಳು, ಅಳಿಯ ಬಂದ, ಮನೆ ನೋಡುವವರೂ ಬಂದರು. ಇಸ್ತ್ರಿ ಮಾಡಿದ ಅಂಗಿಯ ಅವರು ಗೋಡೆ ತಟ್ಟಿ ನೋಡಿದರು, ಕಿಟಕಿ ತೆಗೆದು ನೋಡಿದರು. "ಪ್ಲಂಬರು ಇನ್ನೇನು ಬಂದ, ಅತ್ತೆ," ಎಂದ ಅಳಿಯ.

"ಬರಬೇಡ ಅನ್ನಿ. ಕೆಲಸ ಆಗಿದೆ."

"ಯಾರನ್ನ ಕರೆಸಿದೆ?" ಎಂದಳು ಮಗಳು. ಟೈಲರಮ್ಮ ಬಲಗೈ ಎತ್ತಿ ತೋರಿಸಿದಳು. ಮಗಳು ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದಳು. ಕಾಗದ ಮುಟ್ಟಿದಳು, ಪೈಪು ಮುಟ್ಟಿದಳು. ಎದ್ದಾಗ ಅವಳ ಕಣ್ಣು ತುಂಬಿತ್ತು.

"ಬಿದ್ದಿದ್ರೆ ಏನ್ ಮಾಡ್ತಿದ್ದೆ ಅಮ್ಮಾ? ಒಬ್ಳೇ ಇದ್ದೆ."

"ಬಿದ್ದಿದ್ರೆ ಎದ್ದೇಳ್ತಿದ್ದೆ. ಆಗ್ದಿದ್ರೆ ನಿನ್ನೇ ಕೂಗ್ತಿದ್ದೆ. ನಿನ್ನ ಭಯ ನಂಗೆ ಗೊತ್ತು ಕಣೇ. ಆದ್ರೆ ನಿನ್ನ ಭಯಕ್ಕೆ ನಾನು ಮನೆ ಬಿಡೋದಾ?"

ಒಳಕೋಣೆ ನೋಡಿ ಬಂದವರು ಗಂಟಲು ಸರಿಮಾಡಿಕೊಂಡರು. "ಚೆನ್ನಾಗಿದೆ. ಈ ಫ್ರಿಜ್ಜೂ ಮನೆ ಜೊತೆಗೇ ಬರುತ್ತಾ?"

ಅಳಿಯ ಬಾಯಿ ತೆರೆದ. ಅಷ್ಟರಲ್ಲಿ ಮಗಳು ಮಾತಾಡಿದಳು.

"ಕ್ಷಮಿಸಿ ಸಾರ್. ಮನೆ ಖಾಲಿ ಇಲ್ಲ. ಇಲ್ಲಿ ನಮ್ಮಮ್ಮ ಇದ್ದಾರೆ."