ಪಂಪಿನ ಬಾಯಿ

ಹೊಗೆ, ನೀರಿನೊಳಗೆ ಹೊಗೆ ಎಲ್ಲಿಂದ ಬರಬೇಕು, ಮೀನಿನ ಗಾಜಿನ ತೊಟ್ಟಿಯ ಮೇಲ್ತುದಿಗೆ ಹತ್ತಿ ಕುಳಿತ ಬಸವನಹುಳು ಸಿಗರೇಟು ಸೇದುವವನ ಹಾಗೆ ಪುಸಕ್ ಪುಸಕ್ ಎಂದು ಬಿಳಿ ಬಿಡುತ್ತಿದೆ — ಅಯ್ಯೋ ನನ್ನ ಕರ್ಮವೇ, ನಾನೇ ಏನೋ ಮಾಡಿಬಿಟ್ಟೆ, ಉಪ್ಪುನೀರು ಆವಿಯಾಗಿ ಇಳಿದಷ್ಟು ಸಿಹಿನೀರು ತುಂಬು ಎಂದಿದ್ದರು ಇವರು, ಕಾಯಿಸು ಎಂದು ಯಾರು ಹೇಳಿದರು, ಪಾಪ ಅವಕ್ಕೂ ಚಳಿ ಎಂದುಕೊಂಡು ಕಾಯಿಸಿ, ಮೊಣಕೈ ಅದ್ದಿ ಹದ ನೋಡಿ ಸುರಿದೆ, ಮಗುವಿನ ಸ್ನಾನಕ್ಕೆ ನೋಡುವ ಹಾಗೆ, ಯಾವ ಮಗು, ಬಾಯಿ ಮುಚ್ಚು, ಹಿಂದಿನ ಎರಡು ಸಲವೂ ಹೇಳಿದ ಮೇಲೆಯೇ ಹೋದದ್ದು, ಇವರಿಗೆ ಹೇಳಿ, ಅತ್ತಿಗೆಗೆ ಹೇಳಿ, ಅತ್ತಿಗೆ ಊರಿಗೆಲ್ಲ ಡಂಗುರ ಸಾರಿ, ಆಮೇಲೆ ಆ ಆಸ್ಪತ್ರೆ, ಮಂಚದ ಕೆಳಗಿನ ಆ ಬಕೆಟ್ಟು — ಈ ಸಲ ಯಾರಿಗೂ ಇಲ್ಲ, ಇವರಿಗೂ ಇಲ್ಲ, ಹೇಳದಿದ್ದರೆ ಉಳಿಯಬಹುದು.

ಪಕ್ಕದ ಹುಳುವೂ ಶುರು ಮಾಡಿತು, ಇದರದು ಹಸಿರು, ಹಿಟ್ಟಿನಷ್ಟು ನುಣ್ಣಗಿನ ಕಾಳು, ಒಳಗಿನದೆಲ್ಲ ಹೊರಗೆ ಬರುತ್ತಿದೆ, ನನಗೆ ಆದ ಹಾಗೆಯೇ, ರೀ, ಬನ್ರೀ ಇಲ್ಲಿ, ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡೇ ಓಡಿಬಂದರು, ಏನಾಯ್ತೇ, ಸತ್ತೋಗ್ತಿವೆ ಕಣ್ರೀ, ಬಿಸಿನೀರು ಹಾಕ್ಬಿಟ್ಟೆ, ಬಗ್ಗಿ ನೋಡಿದರು, ನಕ್ಕರು, ನಗುತ್ತಾರಲ್ಲ ಈ ಮನುಷ್ಯ! ಸಾಯೋದೆಲ್ಲಿ ಬಂತು ಹುಚ್ಚಿ, ಅದು ಗಂಡು, ಬೀಜ ಬಿಡ್ತಿದೆ, ಇದು ಹೆಣ್ಣು, ಮೊಟ್ಟೆ ಬಿಡ್ತಿದೆ, ನೀರು ಬೆಚ್ಚಗಾಯ್ತು ಅಂದ್ರೆ ಕಾಲ ಬಂತು ಅಂದ್ಕೊಂಡುಬಿಡ್ತವೆ, ಒಳ್ಳೇ ಸೂಲಗಿತ್ತಿ ಕಣೇ ನೀನು — ತಮಾಷೆಗೇ ಅಂದರು, ನನಗೆ ಹೊಟ್ಟೆಯಲ್ಲಿ ಚಳುಕ್ ಎಂದಿತು, ಚಳುಕೋ ನೋವೋ, ಹಿಂದಿನ ಸಲವೂ ಹೀಗೇ ಶುರುವಾಗಿತ್ತಲ್ಲವೇ, ಮರಿ ಬರುತ್ತಾ ಹಾಗಾದ್ರೆ, ಎಂದೆ, ಎಲ್ಲಿಂದ ಬರುತ್ತೆ, ಕಡಲಲ್ಲಾದ್ರೆ ಸರಿ, ಇಲ್ಲಿ ಒಂದೂ ಉಳಿಯಲ್ಲ, ಪಂಪು ಎಲ್ಲಾ ಎಳ್ಕೊಳ್ಳುತ್ತೆ, ಎಂದು ಟವೆಲಿನಲ್ಲಿ ಕಿವಿ ಒರೆಸಿಕೊಂಡರು. ಒಂದೂ ಉಳಿಯಲ್ಲ, ಎಷ್ಟು ಸುಲಭಕ್ಕೆ ಅಂದರು.

ಆರಿಸ್ರೀ ಪಂಪು, ಆರಿಸಿದ್ರೆ ಮೀನು ಉಸಿರುಕಟ್ಟಿ ಸಾಯ್ತವೆ, ನೋಡು ನೀರು ಹೇಗೆ ಕದಡಿದೆ, ನನಗೆ ಗೊತ್ತಿಲ್ಲ, ಆರಿಸಿ, ನನ್ನ ಕೈ ಸ್ವಿಚ್ಚಿನ ಮೇಲಿದೆ, ಒತ್ತಲಾಗುತ್ತಿಲ್ಲ, ಒತ್ತಿದರೆ ಮೀನು, ಬಿಟ್ಟರೆ ಇವು, ಯಾಕೇ ಹಿಂಗೆ ಅಳ್ತಿದೀಯ, ಹುಳಕ್ಕೆ ಯಾರಾದ್ರೂ ಅಳ್ತಾರಾ, ಹುಳಕ್ಕಲ್ಲ ರೀ, ಅಂದೆನಾ, ಅಂದುಬಿಟ್ಟೆನಾ, ಅವರ ನಗು ನಿಂತಿತು, ಅವರು ನೋಡುತ್ತಿರುವುದು ನನ್ನ ಇನ್ನೊಂದು ಕೈಯನ್ನು, ಅದು ಯಾವಾಗ ಹೊಟ್ಟೆಯ ಮೇಲೆ ಹೋಯಿತೋ, ಎಷ್ಟು ತಿಂಗಳೇ, ಎಂದರು, ಪಿಸುದನಿಯಲ್ಲಿ, ಇವರಿಗೂ ಭಯ, ಕೇಳಬೇಡಿ, ಗೊತ್ತಾಗಿಹೋಯಿತು, ಇನ್ನು ಇದೂ ಹೋಗುತ್ತದೆ, ಹಸಿರು ಕಾಳುಗಳು ಸಾಲುಗಟ್ಟಿ ಪಂಪಿನ ಬಾಯಿಗೆ, ನಿಧಾನಕ್ಕೆ ಹೊರಟು, ಹತ್ತಿರ ಬಂದೊಡನೆ ಸರಕ್ಕನೆ, ಒಂದು ಮಾತ್ರ ಗಾಜಿಗೆ ಅಂಟಿದೆ, ಹಿಡಿದುಕೊಂಡಿದೆ, ಹಿಡಿದುಕೋ, ಗಟ್ಟಿಯಾಗಿ ಹಿಡಿದುಕೋ, ನೀರು ಎಳೆಯುತ್ತಿದೆ, ಅದು ಅಲುಗಿತು, ಪಂಪಿನ ಬಾಯಿ, ಹಿಡಿದುಕೋ, ಪಂಪಿನ ಬಾಯಿ —