ಮಡಕೆ ಹಿಡಿಯುವವರು

ಕೆಂಚಪ್ಪನ ಹೆಣಕ್ಕೆ ಕೊನೆಯ ತಂಬಿಗೆ ನೀರು ಸುರಿಯುವಾಗ ಬೆಟ್ಟಯ್ಯ ಕೇಳಿಯೇಬಿಟ್ಟ. ಬ್ಯಾಡರಹಳ್ಳಿಯಲ್ಲಿ ಸಾವಿನ ಶಾಸ್ತ್ರವೆಲ್ಲ ಅವನದೇ.

"ರೇವಂತ, ದೊಡ್ಡಪ್ಪಂಗೆ ಮಕ್ಕಳಿಲ್ಲ, ನೀನೇ ಮಡಕೆ ಹಿಡೀಬೇಕು. ಹೆಂಡ್ತಿ ಬಸುರಿ ಗಿಸುರಿ ಅಲ್ಲ ತಾನೆ? ಬಸುರಿ ಗಂಡ ಹಿಡೀಬಾರ್ದು, ಹೊಟ್ಟೇಲಿರೋದಕ್ಕೆ ಆಗಿಬರಲ್ಲ."

ರೇವಂತ ಮೊಬೈಲನ್ನು ಕಿಸೆಗೆ ಹಾಕಿದ. "ಅಂಥದ್ದೇನಿಲ್ಲ ತಾತ."

ನೀರು ಮೊಗೆದು ಕೊಡುತ್ತಿದ್ದ ಅವನ ಹೆಂಡತಿ ಲತಾಳ ಕೈಯಿಂದ ತಂಬಿಗೆ ಜಾರಿತು. ಯಾರೂ ಗಮನಿಸಲಿಲ್ಲ. ಕೆಂಚಪ್ಪನ ಕಾಲ ಬಳಿ ಕೂತಿದ್ದ ಅವನ ಹೆಂಡತಿ ಮುನಿತಾಯಮ್ಮನಿಗೆ ಮಾತ್ರ ಕಂಡಿತು. ಗಂಡ ಸತ್ತ ದಿನ ಇದೆಲ್ಲ ಯಾಕಾದರೂ ಕಾಣಬೇಕೋ, ಕಂಡಿತು.

ಲತಾಳನ್ನು ಹಿತ್ತಲಿಗೆ ಕರೆದು ಕೇಳಿದಳು. "ಎಷ್ಟು ತಿಂಗಳು?"

"ಎರಡು, ಅತ್ತೆ. ಇವ್ರಿಗೂ ಹೇಳಿಲ್ಲ." ಲತಾ ಅಳತೊಡಗಿದಳು. "ಇಟ್ಕೊಳ್ಳೋದೋ ಬೇಡ್ವೋ ನನಗೇ ತಿಳೀತಿಲ್ಲ. ಕೇಳದೆ ಒಂದು ಜೀವಾನ ತರಬಾರ್ದು ಅಂತ ದೊಡ್ಡಮಾವ ಹೇಳ್ತಿದ್ದ ಮಾತು ತಲೇಲಿ ಕೂತಿದೆ. ಈಗ ಎಲ್ರಿಗೂ ಗೊತ್ತಾದ್ರೆ ಮುಗೀತು, ಆಮೇಲೆ ನನ್ನ ಯಾರು ಕೇಳ್ತಾರೆ? ಹಾಗಂತ ಇವ್ರು ಮಡಕೆ ಹಿಡಿದು ಏನಾದ್ರೂ ಆದ್ರೆ..."

ಮುನಿತಾಯಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು.

*

ಎಪ್ಪತ್ತನಾಲ್ಕನೇ ಇಸವಿ. ಮದುವೆಯಾಗಿ ಏಳು ತಿಂಗಳು. ಬಿನ್ನಿಪೇಟೆಯ ಮಿಲ್ಲಿಗೆ ಹೋಗುತ್ತಿದ್ದ ಕೆಂಚಪ್ಪ ಒಂದು ಸಂಜೆ ಕಾಲು ಅಗಲಿಸಿ ನಡೆಯುತ್ತ ಬಂದು, ಗೋಡೆ ಹಿಡಿದು ಕೂತ.

"ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡೆ. ನನ್ನ ಕೊನೇ ತಮ್ಮ ಹುಟ್ಟಿದಾಗಿಂದ ನರಳಿ ನರಳಿ ಒಂಬತ್ತು ವರ್ಷಕ್ಕೆ ಸತ್ತ. ನನ್ನ ಯಾಕೆ ಹುಟ್ಟಿಸಿದ್ರಿ ಅಂತ ಕೇಳ್ತಿದ್ದ. ಕೇಳದೆ ಒಂದು ಜೀವಾನ ಎಳ್ಕೊಂಡು ಬರೋದು ಯಾವ ನ್ಯಾಯ?"

"ಹುಟ್ಟದೇ ಇರೋರ್ನ ಕೇಳ್ಬೇಕು ಅಂತೀರ. ಪಕ್ಕದಲ್ಲೇ ಇದ್ನಲ್ಲ, ನನ್ನ ಕೇಳಿದ್ರಾ?"

ಕೆಂಚಪ್ಪ ಒಳ್ಳೆಯ ಮನುಷ್ಯ, ಬೀದಿ ನಾಯಿಗೂ ಕಲ್ಲೆಸೆದವನಲ್ಲ. ಆದರೆ ಆ ಪ್ರಶ್ನೆಗೆ ಸಾಯುವವರೆಗೂ, ಮೂವತ್ತೆರಡು ವರ್ಷ, ಉತ್ತರ ಕೊಡಲಿಲ್ಲ. ಊರು ಅವಳನ್ನು ಬಂಜೆ ಎಂದಿತು, ತೊಟ್ಟಿಲ ಶಾಸ್ತ್ರಗಳಿಗೆ ಕರೆಯುವುದನ್ನು ಬಿಟ್ಟಿತು. ಗಂಡನ ಮಾನಕ್ಕೆಂದು ಅವಳು ತುಟಿ ಬಿಚ್ಚಲಿಲ್ಲ. ಅವಳಿಗೆ ಮಗು ಬೇಕಿತ್ತು. ಬೇಕೇ ಬೇಕಿತ್ತು.

*

ಚಟ್ಟ ಎತ್ತುವ ಹೊತ್ತಿಗೆ ಮುನಿತಾಯಮ್ಮ ಎದ್ದು ನಿಂತಳು. "ಮಡಕೆ ನಾನು ಹಿಡೀತೀನಿ."

"ಹೆಂಗಸರು ಸ್ಮಶಾನಕ್ಕೆ ಬರೋದುಂಟೇನಮ್ಮ?" ಎಂದ ಬೆಟ್ಟಯ್ಯ.

"ಇಷ್ಟು ವರ್ಷ ಏನೇನೋ ಅಂದ್ರಲ್ಲ, ಇದಕ್ಕೂ ಒಂದು ಅನ್ನಿ."

ರೇವಂತನ ತಾಯಿ ತುಂಗಾ ಸುಮ್ಮನಿರಲಿಲ್ಲ. "ನನ್ನ ಮಗ ಕಲ್ಲು ಕಂಬದ ಹಾಗೆ ನಿಂತಿದಾನೆ, ಇದೇನಕ್ಕ ಹಟ? ತಾನೂ ಹೆರಲಿಲ್ಲ, ಹೆತ್ತೋರ ಮಕ್ಕಳನ್ನೂ ಮುಂದಕ್ಕೆ ಬಿಡಲ್ಲ."

ಮಾತು ನಾಟಿತು. ಬಾಗಿಲಲ್ಲಿದ್ದ ಲತಾ ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದಳು. ಮುನಿತಾಯಮ್ಮ ಅವಳತ್ತ ತಿರುಗಿದಳು. "ನೀನು ಒಳಗೆ ಹೋಗಿ ದೀಪ ಆರದ ಹಾಗೆ ನೋಡ್ಕೊಳ್ಳೇ."

ಸ್ಮಶಾನದಲ್ಲಿ ಗುಂಡಿ ತಯಾರಿತ್ತು. ಗಂಡಸರಾದರೆ ನೀರು ತುಂಬಿದ ಮಡಕೆಯನ್ನು ಹೆಗಲಿಗಿಟ್ಟು ಸುತ್ತುತ್ತಾರೆ. ಅವಳು ನಲ್ಲಿಯಿಂದ ತರುವ ಅಭ್ಯಾಸದಲ್ಲಿ ಸೊಂಟಕ್ಕಿಟ್ಟುಕೊಂಡಳು. ಒಂದೊಂದು ಸುತ್ತಿಗೂ ಬೆಟ್ಟಯ್ಯ ಕುಡುಗೋಲಿನ ತುದಿಯಿಂದ ಒಂದೊಂದು ತೂತು ಮಾಡಿದ. ನೀರು ಸೀರೆಯನ್ನು ತೋಯಿಸಿ ಪಾದಕ್ಕಿಳಿಯಿತು. ಮೂರನೆಯ ಸುತ್ತು ಮುಗಿದಾಗ ಮಡಕೆ ಬರಿದಾಗಿತ್ತು.

"ಈಗ ಹಿಂದಕ್ಕೆ ಬಿಟ್ಬಿಡು, ಒಡೀಲಿ. ತಿರುಗಿ ನೋಡ್ಬೇಡ."

ಅವಳು ನಿಂತೇ ಇದ್ದಳು.

"ಬಿಡಮ್ಮ, ಹೊತ್ತಾಗುತ್ತೆ."

ಮುನಿತಾಯಮ್ಮ ಜಾರುತ್ತಿದ್ದ ಬರಿ ಮಡಕೆಯನ್ನು ಸೊಂಟದ ಮೇಲಕ್ಕೆ ಸ್ವಲ್ಪ ಎತ್ತಿಕೊಂಡು, ಇನ್ನೊಂದು ಕೈಯನ್ನೂ ಅದರ ಸುತ್ತ ತಂದಳು.