ದಾರ ಕಂಡ್ರೆ ಎಳೀಬೇಡಿ, ಭಾವ!

ಟೈಲರಣ್ಣನ ಕೈಗೊಂದು ಚಟ. ದಾರದ ತುದಿ ಎಲ್ಲಿ ಕಂಡರೂ ಎಳೆಯಲೇಬೇಕು. ಬಸ್ಸಿನಲ್ಲಿ ಮುಂದೆ ನಿಂತವರ ಕಾಲರನ್ನೂ ಬಿಟ್ಟವನಲ್ಲ.

ಒಂದು ಬೆಳಿಗ್ಗೆ ಮನೆಮುಂದಿನ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಕೆಳಗಿದ್ದ ನಾಯಿಮರಿ ಗುಂಡಿ ಒಂದೇ ಸಮನೆ ಜೊಲ್ಲು ಸುರಿಸುತ್ತಿತ್ತು. ಮೂಗು ಕೋಟಿನ ಗುಂಡಿಯಂತಿದ್ದದ್ದಕ್ಕೆ ಆ ಹೆಸರು. ಬಾಯಿಯ ಮೂಲೆಯಲ್ಲಿ ಕೆಂಪು ದಾರ ಇಣುಕುತ್ತಿತ್ತು. ಕುರ್ಚಿಯ ಮೇಲೆ ಬಿಟ್ಟಿದ್ದ, ದಾರ ಪೋಣಿಸಿದ ಸೂಜಿ ನಾಪತ್ತೆ!

"ಲೇ ಇವಳೇ! ಗುಂಡಿ ಸೂಜಿ ನುಂಗ್ಬಿಟ್ಟಿದೆ ಕಣೇ!"

ಹೆಂಡತಿ ಓಡಿಬಂದಳು. "ಅಯ್ಯೋ! ತಡೀರಿ, ತಂಗಿಗೆ ಫೋನ್ ಮಾಡ್ತೀನಿ."

"ದನದ ಡಾಕ್ಟ್ರು ಬರೋತನಕ ಕಾಯ್ಬೇಕಾ? ದಾರ ಕಾಣ್ತಿದೆ. ಸುಯ್ ಅಂತ ಎಳೆದ್ರೆ ಹಿಂದೇನೇ ಸೂಜಿ ಬರುತ್ತೆ."

ಫೋನಿನ ಸ್ಪೀಕರಿನಲ್ಲಿ ಪಶುವೈದ್ಯೆ ನಾದಿನಿ ಕೇಳಿದ ಮೊದಲ ಮಾತೇ, "ಅಕ್ಕಾ, ಭಾವನ ಕೈ ಈಗ ಎಲ್ಲಿದೆ?"

"ದಾರದ ಮೇಲೆ."

"ತೆಗೀರಿ ಭಾವ!"

"ಸೂಜಿ ನಂದು, ದಾರ ನಂದು, ನಾಯೀನೂ ನಂದು! ಎಳೆಯೋನೂ ನಾನೇ!" ಟೈಲರಣ್ಣ ಸಿನಿಮಾ ಹೀರೋನಂತೆ ಗುಡುಗಿದ.

"ಕರುಳು ಮಾತ್ರ ಅದರದ್ದು, ಭಾವ! ಎಳೆದ್ರೆ ಸೂಜಿ ಒಳಗೇ ಸೀಳುತ್ತೆ. ಮತ್ತೆ ಹೊಲಿಯೋಕೆ ಅದೇನು ಪ್ಯಾಂಟಾ?"

ಟೈಲರಣ್ಣನ ಕೈ ಕೆಳಗಿಳಿಯಿತು.

"ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲೇನೇ?" ಎಂದಳು ಹೆಂಡತಿ.

"ಬೇಡ ಅಕ್ಕಾ. ಬರೋವಾಗ ಇನ್ನೂ ಚುಚ್ಚುತ್ತೆ. ತಿನ್ನೋಕೆ, ಕುಡಿಯೋಕೆ ಏನೂ ಕೊಡ್ಬೇಡಿ. ಹಾಗೇ ಎತ್ಕೊಂಡು ಆಸ್ಪತ್ರೆಗೆ ಬನ್ನಿ. ಈಗಲೇ!"

ಎಕ್ಸ್‌ರೇಯಲ್ಲಿ ಕಂಡಿತು: ಸೂಜಿ ಅನ್ನನಾಳದಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಗುಂಡಿಯನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಟೈಲರಣ್ಣ ತನ್ನ ಅಂಗಿಯ ಗುಂಡಿಯನ್ನು ತಿರುವುತ್ತಾ ಕೂತ. ಅದು ಕಿತ್ತು ಕೈಗೆ ಬಂದದ್ದೂ ಗೊತ್ತಾಗಲಿಲ್ಲ.

ಕೊನೆಗೆ ನಾದಿನಿ ಹೊರಬಂದಳು. ಕೈಯ ತಟ್ಟೆಯಲ್ಲಿ ಸೂಜಿ, ಕೆಂಪು ದಾರ. "ಅರಿವಳಿಕೆ ಕೊಟ್ಟು, ಕ್ಯಾಮೆರಾ ಕೊಳವೆ ಇಳಿಸಿ ತೆಗೆದ್ವಿ. ನಿಮ್ಮ ಗುಂಡಿ ಗಟ್ಟಿ, ಭಾವ."

"ನಾನು ಎಳೆದಿದ್ರೆ?"

"ಇಂಟರ್ವಲ್‌ಗೇ ಶುಭಂ ಅಂತ ಬೋರ್ಡ್ ಬೀಳ್ತಿತ್ತು."

ಒಳಗೆ ಗುಂಡಿ ಅರೆನಿದ್ದೆಯಲ್ಲೇ ಬಾಲ ಬಡಿಯಿತು. ಟೈಲರಣ್ಣನಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ನೋಡಿದರೆ ನಾದಿನಿಯ ಕೋಟಿನ ತೋಳಲ್ಲಿ ದಾರವೊಂದು ನೇತಾಡುತ್ತಿತ್ತು. ಕೈ ಮೇಲೆದ್ದಿತು, ಅರ್ಧದಲ್ಲೇ ನಿಂತಿತು.

"ಡಾಕ್ಟ್ರೇ, ಎಳೀಲಾ?"

"ಇದನ್ನ ಎಳೀರಿ ಭಾವ, ಇದು ಬಟ್ಟೆ!"

ಈಗ ಅಂಗಡಿಯ ಸೂಜಿಗಳೆಲ್ಲ ಮುಚ್ಚಳದ ಡಬ್ಬಿಯಲ್ಲಿ, ಮೇಲಿನ ಶೆಲ್ಫಿನಲ್ಲಿ.

ನಿಮ್ಮ ಮನೆಯಲ್ಲೂ ಬಾಲ ಆಡಿಸುವವರು ಇದ್ದಾರಾ? ಹಾಗಾದರೆ ಸೂಜಿ, ಕಾಲುಚೀಲ, ಬ್ಯಾಟರಿ, ಮಾತ್ರೆ ಇವನ್ನೆಲ್ಲ ಅವರ ಬಾಯಿಗೆ ಎಟುಕದಂತೆ ಇಡಿ. ಏನೋ ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ದಾರ ಬಾಯಲ್ಲಿ ಕಂಡರೂ ಸರಿ, ಬಾಲದ ಕೆಳಗೆ ಕಂಡರೂ ಸರಿ, ಎಳೆಯಬೇಡಿ. ನಾಯಿಯ ಬಾಯಿಗೆ ಬೀಗ ಹಾಕೋಕಾಗಲ್ಲ ಸ್ವಾಮಿ, ಡಬ್ಬಿಗೆ ಮುಚ್ಚಳ ಹಾಕೋಕಾಗುತ್ತೆ!